ಪೆನ್ಸಿಲ್ ಹಿಡೀತಾಳಾ?

ಮಂಗಳವಾರ ಮಗಳು ಪುಟ್ಟಿಯನ್ನು ಪ್ಲೇ ಹೋಮಿಗೆ ಸೇರಿಸೋಕೆ ಅಂತ ಅಲ್ಲಿನ ಮೇಡಂ ಹತ್ತಿರ ಮಾತಾಡಿ ಬಂದೆವು. ಅವತ್ತಿನಿಂದ ತಲೆಯಲ್ಲಿ ಒಂದೇ ಯೋಚನೆ. ಆ ಮೇಡಂ ಫಾರಮ್ಮಿನಲ್ಲಿ ಏನು ಬರೆದುಕೊಂಡರು?

ಅವರು ಕೇಳಿದ್ದು ಇಷ್ಟೇ: "ಪೆನ್ಸಿಲ್ ಹಿಡೀತಾಳಾ?" ಪುಟ್ಟಿಗೆ ಈಗ ಎರಡೂವರೆ ವರ್ಷ. ನನ್ನ ಬಾಯಿಂದ ಬಂದ ಉತ್ತರ: "ಅವರೆಕಾಳು ಹಿತುಕ್ತಾಳೆ."

ಮೇಡಂ ತಲೆ ಎತ್ತಿ ನನ್ನನ್ನೊಮ್ಮೆ ನೋಡಿದರು, ಪುಟ್ಟಿಯನ್ನೊಮ್ಮೆ ನೋಡಿದರು. ಆಮೇಲೆ ಒಂದೇ ಒಂದು ಪದ ಬರೆದು, ಅದರ ಕೆಳಗೆ ಗೆರೆ ಎಳೆದರು. ತಲೆಕೆಳಗಾಗಿ ಕಾಣುತ್ತಿತ್ತು, ಓದೋಕಾಗಲಿಲ್ಲ. ಟೇಬಲ್ ಕೆಳಗೆ ಇವರು ನನ್ನ ಕಾಲು ತುಳಿದರು.

ನಾನೇನು ತಮಾಷೆ ಮಾಡಿದ್ದಲ್ಲ. ಅತ್ತೆ ಮಾಗಡಿ ಕಡೆಯವರು. ಈ ಸೀಸನ್ನಿಗೆ ಬರುವಾಗ ಒಂದು ಚೀಲ ಸೊಗಡವರೆಕಾಯಿ ಹೊತ್ತು ತಂದಿದ್ದಾರೆ. ಬೆಂಗಳೂರಿನ ಅವರೆಮೇಳಕ್ಕೆ ಹೋಗೋಣ ಅಂದರೆ, "ದುಡ್ಡು ಕೊಟ್ಟು ಆ ಜನದಲ್ಲಿ ನುಗ್ಗಾಡಿ ತಿನ್ನೋದು ಏನೈತವ್ವ" ಅಂತಾರೆ. ರಾತ್ರಿ ಕಾಳು ನೆನೆಸಿಟ್ಟು, ಬೆಳಗ್ಗೆ ಹಾಲ್‌ನಲ್ಲಿ ಚಾಪೆ ಹಾಸಿ ಕೂರುತ್ತಾರೆ. ಪಕ್ಕದಲ್ಲಿ ಪುಟ್ಟಿ. ಅವಳಿಗೂ ಒಂದು ಬಟ್ಟಲು ಬೇಳೆಗೆ, ಇನ್ನೊಂದು ಸಿಪ್ಪೆಗೆ.

ಮೊದಮೊದಲು ಎಲ್ಲ ಪಚ್ಚಿಯಾಗುತ್ತಿತ್ತು. ಇಡೀ ಮುಷ್ಟಿಯಲ್ಲಿ ಹಿಡಿದು ಹಿಂಡುತ್ತಿದ್ದಳು. ಅತ್ತೆ ಬಾಯಲ್ಲಿ ಹೇಳಿಕೊಡಲಿಲ್ಲ. ಅವಳ ಕಣ್ಣೆದುರಿಗೆ ತಮ್ಮ ಕೈ ತಂದು, ಒಂದು ಕಾಳನ್ನು ತುಂಬಾ ನಿಧಾನವಾಗಿ ಹಿತುಕುತ್ತಿದ್ದರು. ಹೆಬ್ಬೆರಳು, ತೋರುಬೆರಳು, ನಡುವೆ ಕಾಳು. ಸ್ವಲ್ಪ ಒತ್ತಿದರೆ ಪುಸಕ್ಕಂತ ಬೇಳೆ ಆಚೆ. ಪುಟ್ಟಿಯ ತುಟಿ ಮುಂದಕ್ಕೆ ಬರುತ್ತೆ, ನಾಲಿಗೆ ತುದಿ ಹೊರಗೆ ಇಣುಕುತ್ತೆ, ಉಸಿರು ಬಿಗಿಹಿಡಿದು ಒತ್ತುತ್ತಾಳೆ. ಬೇಳೆ ಹಾರಿ ಫ್ರಿಜ್ ಕೆಳಗೆ ಹೋದರೆ ಅಜ್ಜಿಗಿಂತ ಜೋರಾಗಿ ನಗುತ್ತಾಳೆ. ಈಗ ಹೆಚ್ಚಿನವು ಬಟ್ಟಲಿಗೇ ಬೀಳುತ್ತವೆ. ಸಿಪ್ಪೆ ಬೇಳೆಯ ಬಟ್ಟಲಿಗೆ ಬಿದ್ದರೆ ತಾನೇ ಎತ್ತಿ ಆ ಕಡೆ ಹಾಕುತ್ತಾಳೆ. ಯಾರೂ ಹೇಳಿಲ್ಲ.

ಕಾಳು ಮುಗಿಯುವವರೆಗೆ ಅತ್ತೆ ಕದಲಲ್ಲ, ಫೋನ್ ಬಂದರೂ ಏಳಲ್ಲ. ಹಸಿ ಕಾಳು ಬಾಯಿಗೆ ಹೋಗಬಾರದು, ಮೂಗಿಗೆ ಹೋದರಂತೂ ಮುಗಿದೇ ಹೋಯ್ತು. ನೀವು ಮನೆಯಲ್ಲಿ ಮಾಡಿಸುವುದಾದರೆ ಇದೊಂದು ಮಾತ್ರ ಮರೀಬೇಡಿ. ಮಗುವಿನ ಕೈಗೆ ಕಾಳು ಕೊಟ್ಟು ಅಡುಗೆಮನೆಗೆ ಹೋಗೋ ಹಾಗಿಲ್ಲ.

ಮತ್ತೆ ಆ ಕೋಣೆಗೇ ಬರುತ್ತೇನೆ. ಪೆನ್ಸಿಲ್ ಹಿಡೀತಾಳಾ? ಅವರೆಕಾಳು ಹಿತುಕ್ತಾಳೆ. ಒಂದು ಪದ, ಒಂದು ಗೆರೆ. 'ವೀಕ್' ಅಂತಲೋ? 'ಮದರ್' ಅಂತ ಬರೆದು ಗೆರೆ ಎಳೆದರೋ?

ನನ್ನ ತಂಗಿ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಾಳೆ. ರಾತ್ರಿ ಫೋನಿನಲ್ಲಿ ಅವಳ ಹತ್ತಿರ ಗೋಳು ಹೇಳಿಕೊಂಡೆ. ನಗೋದು ಮುಗಿದ ಮೇಲೆ ಅವಳು ಹೇಳಿದ್ದು ಕೇಳಿ. ದೊಡ್ಡವರ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿರುತ್ತವೆ. ಆಗತಾನೇ ಹುಟ್ಟಿದ ಮಗುವಿನ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಅವುಗಳಲ್ಲಿ ಒಂದೂ ಕಾಣಿಸಲ್ಲ, ಎಲ್ಲ ಇನ್ನೂ ಮೆತ್ತಗಿನ ಕಾರ್ಟಿಲೇಜ್. ಒಂದೊಂದಾಗಿ ಮೂಳೆಯಾಗುತ್ತಾ ಬರುತ್ತವೆ. ಪುಟ್ಟಿಯ ವಯಸ್ಸಿಗೆ ಮೂರೋ ನಾಲ್ಕೋ ಕಂಡರೆ ಹೆಚ್ಚು. ಕೊನೆಯದು ಕಾಣಿಸಿಕೊಳ್ಳೋದು 9ರಿಂದ 12 ವರ್ಷದ ಮಧ್ಯೆ. "ಆ ಕೈಗೆ ನಿಮ್ಮ ಮೇಡಂ ಪೆನ್ಸಿಲ್ ಕೊಟ್ಟು ಗೆರೆ ಮೇಲೆ ಬರಿ ಅಂತಾರಾ?" ಅಂದಳು. ತಂಗಿ ಸ್ವಲ್ಪ ಜಾಸ್ತಿ ಮಾತಾಡುತ್ತಾಳೆ, ಆದರೆ ಅವತ್ತು ಆ ಮಾತು ಹಿತವಾಗಿತ್ತು.

ಇನ್ನೂ ಚೋದ್ಯ ಅಂದರೆ, ಆ ಮೇಡಂ ಬೆನ್ನ ಹಿಂದಿನ ಗೋಡೆಯಲ್ಲೇ ಮರಿಯಾ ಮಾಂಟೆಸರಿಯವರ ದೊಡ್ಡ ಫೋಟೊ ಇತ್ತು. ರೋಮಿನ ಬಡವರ ಕೇರಿಯಲ್ಲಿ 1907ರಲ್ಲಿ ಮೊದಲ ಶಾಲೆ ತೆರೆದ ಡಾಕ್ಟರು. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಪಾಠ ಹೇಳಲು ಬಂದು, ಯುದ್ಧ ಶುರುವಾಗಿ 1946ರವರೆಗೆ ನಮ್ಮ ದೇಶದಲ್ಲೇ ಉಳಿದವರು. ಅವರ ಪದ್ಧತಿಯಲ್ಲಿ ಚಿಕ್ಕ ಮಕ್ಕಳ ಮೊದಲ ಪಾಠವೇ ಮನೆಗೆಲಸ. ಕಾಳು ಒಂದು ಬಟ್ಟಲಿಂದ ಇನ್ನೊಂದಕ್ಕೆ ಹಾಕೋದು, ಜಗ್ಗಿನಿಂದ ನೀರು ಬಗ್ಗಿಸೋದು, ಗುಂಡಿ ಹಾಕೋದು, ಟೇಬಲ್ ಒರೆಸೋದು. ಬರವಣಿಗೆ ಬರೋದು ಆ ಕೈ ಪಳಗಿದ ಮೇಲೆ. ಫೋಟೊದಲ್ಲಿರುವ ಅಜ್ಜಿ ಚಾಪೆ ಮೇಲೆ ಕೂತ ನಮ್ಮ ಅತ್ತೆಯನ್ನು ನೋಡಿದ್ದರೆ ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದರು ಅಂತ ನನ್ನ ನಂಬಿಕೆ.

ಆದರೂ ಮೇಡಂ ಮೇಲೆ ಪೂರ್ತಿ ಸಿಟ್ಟು ಬರ್ತಿಲ್ಲ. ಹೊರಗೆ ಕಾಯುವಾಗ ಒಬ್ಬ ಅಪ್ಪ ತನ್ನ ಮಗನಿಂದ "ಹೆಕ್ಸಾಗನ್, ಪೆಂಟಗನ್" ಅಂತ ಉರು ಹೊಡೆಸುತ್ತಿದ್ದ. ಆ ಹುಡುಗನ ಮೂಗು ಸೋರುತ್ತಿತ್ತು. ಅದನ್ನು ಒರೆಸೋಕೆ ಅಪ್ಪನಿಗೆ ಪುರುಸೊತ್ತಿಲ್ಲ. ಇಂಥವರನ್ನು ದಿನಾ ನೋಡುವ ಮೇಡಂ ತಾನೇ ಏನು ಮಾಡುತ್ತಾರೆ? "ಪೇರೆಂಟ್ಸೇ ಕೇಳ್ತಾರೆ, ಯಾವಾಗಿಂದ ಬರೆಸ್ತೀರ ಅಂತ" ಅಂತ ಹೊರಡುವಾಗ ಅವರೇ ಹೇಳಿದರು. ಆ ಪೇರೆಂಟ್ಸ್ ಗುಂಪಿನಲ್ಲಿ ನಮ್ಮನೆಯವರೂ ಇದ್ದಾರೆ. ಕಾರಿನಲ್ಲಿ ಕೂತ ತಕ್ಷಣ, "ಹಿಡೀತಾಳೆ ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಅಂದರು. ಸಿಗ್ನಲ್ ಹತ್ತಿರ ಬರುವ ಹೊತ್ತಿಗೆ ಅವರಿಗೇ ನಗು ತಡೆಯಲಾಗಲಿಲ್ಲ. ಅಷ್ಟರಮಟ್ಟಿಗೆ ಒಳ್ಳೆಯವರು.

ಇವರೇ ದೀಪಾವಳಿ ಆಫರಿನಲ್ಲಿ ಮಗಳಿಗೆ ಬಿಜಿ ಬೋರ್ಡ್ ತರಿಸಿದ್ದರು. ಬಟ್ಟೆಯ ಹಲಗೆ, ಅದರ ತುಂಬ ಜಿಪ್ಪು, ಬಕಲ್ಲು, ಗುಂಡಿ. ಜಿಪ್ ಎಳೆಯೋದು ಕಲೀಲಿ ಅಂತ. ಚೆನ್ನಾಗಿಯೇ ಇದೆ. ಆದರೆ ಬೆಳಗ್ಗೆ ಪುಟ್ಟಿ ತನ್ನ ಸ್ವೆಟರಿನ ಜಿಪ್ ತಾನೇ ಎಳೀತೀನಿ ಅಂತ ಹಟ ಹಿಡಿದರೆ, ಲೇಟಾಯ್ತು ಬಾ ಅಂತ ಎಳೆದು ಬಿಡೋರು ನಾವೇ. ಸಾಕ್ಸ್ ಹಾಕೋದು, ಬಾಳೆಹಣ್ಣು ಸುಲಿಯೋದು, ಚಪಾತಿ ಹಿಟ್ಟು ನಾದೋದು, ಎಲ್ಲದಕ್ಕೂ ಅವಳು ಕೈ ಹಾಕುತ್ತಾಳೆ. ಎಲ್ಲಕ್ಕೂ ಅವಳಿಗೆ ಹೊತ್ತು ಬೇಕು. ಆ ಹೊತ್ತು ನಮ್ಮ ಹತ್ತಿರ ಇಲ್ಲ. ಇಲ್ಲದ್ದಕ್ಕೆ ಆ ಹಲಗೆ ಕೊಳ್ಳುತ್ತೇವೆ, ಪ್ಲೇ ಹೋಮಿಗೆ ಫೀಸು ಕಟ್ಟುತ್ತೇವೆ. ಅಲ್ಲಿ ಒಬ್ಬ ಮೇಡಂ ಸುತ್ತ ಹದಿನೈದು ಇಪ್ಪತ್ತು ಮಕ್ಕಳು ಕೂರುತ್ತವೆ. ಅವರಿಗೆ ಮಾತ್ರ ಹೊತ್ತು ಎಲ್ಲಿಂದ ಬರಬೇಕು? ಇಪ್ಪತ್ತು ಮಕ್ಕಳ ಕೈಗೆ ಕಾಳು ಕೊಟ್ಟರೆ ಇಪ್ಪತ್ತು ಮೂಗು ಕಾಯಬೇಕು. ಪೆನ್ಸಿಲ್ ಕೊಟ್ಟರೆ ತಲೆನೋವು ಕಡಿಮೆ.

ಅತ್ತೆಗೆ ಹೊತ್ತಿದೆ. ಅಥವಾ ನಾವು ಹಾಗೆ ಅಂದುಕೊಂಡಿದ್ದೇವೆ. ಊರಲ್ಲಿ ಅವರಿಗೂ ಹಸು ಇದೆ, ತೋಟ ಇದೆ, ಮಂಡಿನೋವೂ ಇದೆ. ಮೊನ್ನೆ ಚಾಪೆಯಿಂದ ಏಳುವಾಗ ಗೋಡೆ ಹಿಡಿದುಕೊಂಡರು. ಅವರ ಜೊತೆ ಪುಟ್ಟಿಯನ್ನು ಬಿಟ್ಟು ಲ್ಯಾಪ್‌ಟಾಪ್ ಮುಂದೆ ಕೂತು, ಆಮೇಲೆ ಶಾಲೆಯಲ್ಲಿ ನಾನೇ ಕಲಿಸಿದ ಹಾಗೆ ಜಂಬ ಕೊಚ್ಚಿದವಳು ನಾನು.

ನಿನ್ನೆ ಮೆಸೇಜ್ ಬಂತು. ಸೀಟ್ ಸಿಕ್ಕಿದೆಯಂತೆ. ಅಂದರೆ ಆ ಪದ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಅಥವಾ ಅವರಿಗೆ ಸೀಟು ತುಂಬಬೇಕಾಗಿತ್ತು. ಸಂಕ್ರಾಂತಿ ಮುಗಿಸಿ ಅತ್ತೆ ಊರಿಗೆ ಹೊರಡುತ್ತಾರೆ. ಆಮೇಲೆ ಬೆಳಗ್ಗೆ ಪುಟ್ಟಿಯ ಪಕ್ಕ ಯಾರು ಕೂರೋದು ಅಂತ ನಾವಿಬ್ಬರೂ ಇನ್ನೂ ಬಾಯಿಬಿಟ್ಟು ಮಾತಾಡಿಲ್ಲ. ಮೊದಲ ಕಂತು ಕಟ್ಟೋಕೆ ಸೋಮವಾರ ಕೊನೆ ದಿನ. ಕಟ್ಟುತ್ತೇವೆ ಅನಿಸುತ್ತೆ.