‘ಅಂಥ ಕಾರು ಮಾರಿ ಇಂಥದ್ದು ಯಾಕೆ?’ ಎಂದು ಕೇಳುವವರಿಗೆ

ನನ್ನ ಬಳಿ ಮೊದಲು ವೇಗಕ್ಕೆ ಹೆಸರಾದ, ಕೆಂಪು ಬಣ್ಣದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇತ್ತು. ಈಗ ಬೂದು ಬಣ್ಣದ ಲೆಕ್ಸಸ್ ಇಎಸ್ 300ಎಚ್ ಇದೆ; ಇದು ಹೈಬ್ರಿಡ್, ಅಂದರೆ ಪೆಟ್ರೋಲ್ ಇಂಜಿನ್ನೂ ವಿದ್ಯುತ್ ಮೋಟಾರೂ ಸೇರಿ ಓಡಿಸುವ ಕಾರು. ಇಷ್ಟೇ ಸಂಗತಿ. ಇದರಿಂದ ಸಮಾಜಕ್ಕೆ ಯಾವ ನಷ್ಟವಾಗಿದೆಯೋ ತಿಳಿಯದು, ಆದರೆ ಬಂಧುಗಳು, ಸಹೋದ್ಯೋಗಿಗಳು, ಮೇಲಿನ ಮಹಡಿಯವರು, ಹಳೆಯ ಕಾರನ್ನು ಒಮ್ಮೆಯೂ ಹತ್ತದವರು ಸಹ “ಅಂಥ ಕಾರು ಮಾರಿ ಇಂಥದ್ದು ಯಾಕೆ ತಗೊಂಡ್ರಿ?” ಎಂದು ಕೇಳುತ್ತಾರೆ. ಇಲ್ಲಿಯವರೆಗೆ ಸೌಜನ್ಯಕ್ಕೆಂದು ನಗುತ್ತ ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಇನ್ನು ಮುಂದೆ ಈ ಬರಹವನ್ನು ಕಳಿಸಿ ಸುಮ್ಮನಿರುತ್ತೇನೆ.

ಪ್ರಶ್ನೆಗಿಂತ ಅದನ್ನು ಕೇಳುವ ಧಾಟಿ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ. ಕುತೂಹಲದಿಂದ ಕೇಳುವವರು ಕಡಿಮೆ, ಸಂತಾಪ ಸೂಚಿಸುವವರೇ ಹೆಚ್ಚು. ಹಾಸನದಲ್ಲಿ ಒಂದು ಮದುವೆ. ಊಟ ಮುಗಿಸಿ ತಾಂಬೂಲದ ಚೀಲ ಹಿಡಿದು ಹೊರಗೆ ಬರುತ್ತಿದ್ದಾಗ, ಬೀಗರ ಕಡೆಯ ಹಿರಿಯರೊಬ್ಬರು ಕಲ್ಯಾಣ ಮಂಟಪದ ಮೆಟ್ಟಿಲ ಮೇಲೆಯೇ ನನ್ನನ್ನು ತಡೆದು, ನಾಲ್ಕು ಜನಕ್ಕೆ ಕೇಳುವಂತೆ, “ಆ ಕೆಂಪು ಗಾಡಿ ಕೊಟ್ಟುಬಿಟ್ರಂತೆ, ಪಾಪ. ಸೊಂಟ ನೋವೋ, ಸಾಲವೋ?” ಎಂದರು. ಎರಡೂ ಅಲ್ಲ ಎಂದೆ. ನಂಬಲಿಲ್ಲ. ಕಾರಿನ ಬಳಿಗೆ ಬಂದರು, ಒಂದು ಸುತ್ತು ಹಾಕಿದರು, ಬಗ್ಗಿ ಮುಂದಿನ ಜಾಲರಿಯಲ್ಲೂ ಹಿಂದಿನ ಬಂಪರಿನಲ್ಲೂ ಚಾರ್ಜ್ ಮಾಡುವ ತೂತು ಹುಡುಕಿದರು, ಸಿಗದೆ ಪೆಟ್ರೋಲ್ ಮುಚ್ಚಳ ತೆಗೆಸಿ ಮೂಗು ಹತ್ತಿರ ತಂದು, “ಪೆಟ್ರೋಲ್ ಕುಡಿಯೋ ಗಾಡಿಗೆ ಬ್ಯಾಟರಿ ಯಾಕ್ರೀ? ಚೆನ್ನಾಗಿ ಟೋಪಿ ಹಾಕಿದಾರೆ ನಿಮಗೆ” ಎಂದು ತೀರ್ಪು ಕೊಟ್ಟರು. ನಾನು ಒಳಗೆ ಕೂತು ಗುಂಡಿ ಒತ್ತಿದೆ. ಮುಂದಿನ ಫಲಕದಲ್ಲಿ ‘ರೆಡಿ’ ಎಂಬ ಹಸಿರು ಅಕ್ಷರ ಮೂಡಿತೇ ಹೊರತು ಸದ್ದು ಬರಲಿಲ್ಲ. “ನೋಡಿ, ಸ್ಟಾರ್ಟೇ ಆಗ್ಲಿಲ್ಲ” ಎಂದು ಅವರು ಜನರ ಕಡೆಗೆ ತಿರುಗಿ ಹೇಳುತ್ತಿರುವಾಗಲೇ ಕಾರು ಸಣ್ಣಗೆ ಗುಂಯ್‌ಗುಟ್ಟುತ್ತ ಹಿಂದಕ್ಕೆ ಸರಿಯಿತು. ಅವರು ಪಂಚೆ ಎತ್ತಿಕೊಂಡು ಹಾರಿದರು. ಅಂದಿನಿಂದ ನಮ್ಮ ಕಡೆಯ ಪ್ರತಿ ಸಮಾರಂಭದಲ್ಲೂ ನಾನು ಟೋಪಿ ಹಾಕಿಸಿಕೊಂಡವನು.

ಆ ಹಿರಿಯರಿಗೆ ಅಂದು ಹೇಳಲಾಗದೆ ಉಳಿದ ಉತ್ತರ ಇದು. ಈ ಕಾರನ್ನು ಗೋಡೆಯ ಪ್ಲಗ್ಗಿಗೆ ಜೋಡಿಸುವಂತಿಲ್ಲ. ಇದರ ಬ್ಯಾಟರಿ ಹಿಂದಿನ ಸೀಟಿನ ಕೆಳಗಿದೆ. ಅದರಲ್ಲಿ ಹಿಡಿಯುವುದು ಸುಮಾರು 1.6 ಯೂನಿಟ್ ವಿದ್ಯುತ್ತು. ಸಾಮಾನ್ಯ ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯಲ್ಲಿ 40, 60 ಯೂನಿಟ್ ಇರುವುದನ್ನು ನೆನೆದರೆ ಇದು ಗೋದಾಮಲ್ಲ, ಅಂಗಡಿಯ ಗಲ್ಲಾಪೆಟ್ಟಿಗೆ: ಈಗ ಬಂದದ್ದು ಈಗಲೇ ಹೋಗುತ್ತದೆ. ಬ್ರೇಕ್ ಹಾಕಿದಾಗ ಚಕ್ರದಿಂದ ಬರುವ ಶಕ್ತಿ ಅಲ್ಲಿ ಸೇರಿ, ಸಿಗ್ನಲ್ಲಿನಿಂದ ಹೊರಡುವಾಗ ಖರ್ಚಾಗುತ್ತದೆ. 2.5 ಲೀಟರಿನ ಪೆಟ್ರೋಲ್ ಇಂಜಿನ್ ಅಟ್ಕಿನ್‌ಸನ್ ವಿಧಾನದ್ದು. ಗಾಳಿಯನ್ನು ಒಳಗೆ ಬಿಡುವ ವಾಲ್ವ್ ತುಸು ತಡವಾಗಿ ಮುಚ್ಚುವುದರಿಂದ ಅದು ಒಳಗಿನ ಅನಿಲವನ್ನು ಕಡಿಮೆ ಒತ್ತಿ ಹೆಚ್ಚು ಹಿಗ್ಗಿಸುತ್ತದೆ, ಇಂಧನದ ಶಕ್ತಿಯಲ್ಲಿ 41 ಪ್ರತಿಶತದವರೆಗೆ ಕೆಲಸಕ್ಕೆ ತರುತ್ತದೆ. ಆದರೆ ಇಂಥ ಇಂಜಿನ್ನಿಗೆ ಕೆಳವೇಗದಲ್ಲಿ ಕಸುವು ಸಾಲದು. ಆ ಕೊರತೆಯನ್ನು ಮೋಟಾರು ತುಂಬುತ್ತದೆ. ಗೇರುಗಳ ಮೆಟ್ಟಿಲಿನ ಬದಲು ಒಂದು ಗ್ರಹಗೇರ್ (ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳು ತಿರುಗುವ) ಜೋಡಣೆ ಇಂಜಿನ್ನನ್ನೂ ಎರಡು ಮೋಟಾರುಗಳನ್ನೂ ಒಟ್ಟಿಗೆ ಕಟ್ಟಿಹಾಕಿದೆ. ಕ್ಲಚ್ಚೂ ಇಲ್ಲ, ಸ್ಟಾರ್ಟರ್ ಮೋಟಾರೂ ಇಲ್ಲ, ಆಲ್ಟರ್ನೇಟರೂ ಇಲ್ಲ. ಟೊಯೋಟಾ ಕಂಪನಿ 1997ರಲ್ಲಿ ಪ್ರಿಯಸ್ ಕಾರಿನೊಡನೆ ಜಪಾನಿನಲ್ಲಿ ಮಾರಾಟಕ್ಕೆ ತಂದ ಉಪಾಯವೇ ಇದು, ಅಂದಿನಿಂದ ತಿದ್ದುತ್ತ ಬಂದಿದ್ದಾರೆ. ‘ವಿದೇಶಿ ಗಾಡಿ’ ಎಂದು ಮೂಗು ಮುರಿಯುವವರಿಗೆ ಇನ್ನೊಂದು ಮಾತು: 2020ರಿಂದ ಈ ಕಾರಿನ ಜೋಡಣೆ ನಡೆದಿರುವುದು ಬಿಡದಿಯಲ್ಲಿ, ನೀವು ತಟ್ಟೆ ಇಡ್ಲಿಗೆ ನಿಲ್ಲಿಸುವ ಅದೇ ಬಿಡದಿಯಲ್ಲಿ.

“ಹಾಗಾದರೆ ಮೈಲೇಜಿಗಾಗಿ ತಗೊಂಡ್ರಿ” ಎನ್ನುತ್ತಾರೆ. ಅಲ್ಲ. ವರ್ಷಕ್ಕೆ 10,000 ಕಿ.ಮೀ. ಓಡುವ ಕಾರು ಲೀಟರಿಗೆ 9 ಕಿ.ಮೀ. ಕೊಟ್ಟರೆ ಸುಮಾರು 1,110 ಲೀಟರ್ ಪೆಟ್ರೋಲ್ ಬೇಕು, 17 ಕಿ.ಮೀ. ಕೊಟ್ಟರೆ ಸುಮಾರು 590 ಲೀಟರ್. ಬೆಂಗಳೂರಿನ ಬೆಲೆಯಲ್ಲಿ ವರ್ಷಕ್ಕೆ ಉಳಿಯುವುದು 50 ಸಾವಿರ ರೂಪಾಯಿಯ ಆಸುಪಾಸು. 2017ರಲ್ಲಿ ಆರ್‌ಎಸ್ ಬಂದಾಗ ಅದರ ಶೋರೂಂ ಬೆಲೆ 25 ಲಕ್ಷದೊಳಗಿತ್ತು. ಬಿಡದಿಯಲ್ಲಿ ಜೋಡಿಸಿದ ಲೆಕ್ಸಸ್ 50 ಲಕ್ಷ ದಾಟಿಯೇ ಶುರುವಾಯಿತು. ಈ ಅಂತರವನ್ನು ಪೆಟ್ರೋಲಿನಲ್ಲಿ ತುಂಬಿಕೊಳ್ಳಲು ಹೊರಟವನಿಗೆ ಗಣಿತ ಕಲಿಸಿದ ಮೇಷ್ಟರು ಮೊದಲು ಕ್ಷಮೆ ಕೇಳಬೇಕಾಗುತ್ತದೆ. ಪೆಟ್ರೋಲ್ ಉಳಿಸಲೆಂದು ಐಷಾರಾಮಿ ಹೈಬ್ರಿಡ್ ಕೊಳ್ಳುವುದು ಅರ್ಥವಿಲ್ಲದ ಕೆಲಸ. ಉಳಿತಾಯವೇ ಬೇಕಿದ್ದರೆ ಸಣ್ಣ ಕಾರು ಕೊಳ್ಳಬೇಕು ಅಥವಾ ಮೆಟ್ರೋ ಹತ್ತಬೇಕು. ನಾನು ಕೊಂಡಿದ್ದಾದರೂ ಹೊಸದಲ್ಲ, ಒಬ್ಬರು ಬಳಸಿದ್ದು. ಇದನ್ನು ಹೇಳಿದ ಕೂಡಲೇ ಕೇಳಿದವರ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಮೂಡುವುದನ್ನು ಗಮನಿಸಿದ್ದೇನೆ.

ಇನ್ನು ವಯಸ್ಸಿನ ಮಾತು. “ವಯಸ್ಸಾಯ್ತು, ವೇಗ ಸಾಕು ಅನ್ನಿಸ್ತಾ?” ಎನ್ನುವವರು ಬೆಂಗಳೂರಿನ ರಸ್ತೆಯನ್ನು ಇತ್ತೀಚೆಗೆ ನೋಡಿಲ್ಲವೆಂದು ಕಾಣುತ್ತದೆ. ಕೆಂಗೇರಿಯಿಂದ ನಾಯಂಡಹಳ್ಳಿಯ ಕಡೆಗೆ ಬೆಳಗಿನ ಹೊತ್ತಿನಲ್ಲಿ ಹೊರಟವನಿಗೆ 230 ಅಶ್ವಶಕ್ತಿಯಲ್ಲಿ 200ಕ್ಕೆ ರಜೆ. ಮೈಸೂರಿನ ಹೆದ್ದಾರಿ ಇದೆಯಲ್ಲ ಎನ್ನುತ್ತೀರಿ. ಇದೆ, ಅಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿಯಿದೆ, ಕ್ಯಾಮೆರಾಗಳಿವೆ, ಮತ್ತು 2024ರ ಆಗಸ್ಟ್‌ನಿಂದ ರಾಜ್ಯದ ಯಾವ ರಸ್ತೆಯಲ್ಲೇ ಆಗಲಿ 130 ಕಿ.ಮೀ. ಮೀರಿದವರ ಮೇಲೆ ಎಫ್‌ಐಆರ್ ಹಾಕುವ ಕ್ರಮ ಜಾರಿಗೆ ಬಂದಿದೆ. ಅದು ಸರಿಯಾದ ಕ್ರಮವೆಂದೇ ನನ್ನ ಅಭಿಪ್ರಾಯ. ನಿಂತಲ್ಲಿಂದ 100ಕ್ಕೆ 7 ಸೆಕೆಂಡಿನೊಳಗೆ ಮುಟ್ಟುವ ಕಾರನ್ನು ಇಟ್ಟುಕೊಂಡು, ಉಳಿದ ಪ್ರಯಾಣವನ್ನೆಲ್ಲ ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲಿಗೆ ಒಪ್ಪಿಸಿ ಕೂರುವುದಕ್ಕೆ ಯೌವನ ಬೇಕಾಗುವುದಿಲ್ಲ.

ಇಷ್ಟೆಲ್ಲ ಕೇಳುವವರಲ್ಲಿ ಒಬ್ಬರೂ ಕೇಳದ ಪ್ರಶ್ನೆಯೊಂದಿದೆ: ಈ ಕಾರಿನಲ್ಲಿ ಬ್ರೇಕ್ ಹಾಕುವುದು ಹೇಗೆ? ಯಾರಾದರೂ ಕೇಳಿದರೆ ಕಾಫಿ ಕೊಡಿಸಿ ಉತ್ತರ ಹೇಳಲು ಸಿದ್ಧನಿದ್ದೇನೆ, ಏಕೆಂದರೆ ಚಾಲನೆಯ ಸುಖವನ್ನು ನಾನು ಮಾರಿಬಿಟ್ಟೆನೆಂದು ನೀವೆಲ್ಲ ತಿಳಿದಿರುವುದು ಎಷ್ಟು ತಪ್ಪೆಂಬುದು ಅಲ್ಲಿಯೇ ಗೊತ್ತಾಗುತ್ತದೆ. ಆರ್‌ಎಸ್‌ನಲ್ಲಿ ಬ್ರೇಕ್ ಎಂದರೆ ವೇಗವನ್ನು ಕೊಲ್ಲುವ ಸಾಧನ; ತಿರುವಿನ ಹತ್ತಿರದವರೆಗೂ ಹೋಗಿ ಗಟ್ಟಿಯಾಗಿ ಒತ್ತಿದರೆ ಬ್ರೇಕ್ ತಟ್ಟೆಗಳು ಬಿಸಿಯಾಗುತ್ತವೆ, ಕಾರು ಮೂಗು ತಗ್ಗಿಸುತ್ತದೆ, ಮೈ ಜುಮ್ಮೆನ್ನುತ್ತದೆ. ಹೈಬ್ರಿಡ್‌ನಲ್ಲಿ ಪೆಡಲಿನ ಮೊದಲ ಒತ್ತು ಹೋಗುವುದು ಮೋಟಾರಿಗೆ. ಅದು ಜನರೇಟರಾಗಿ ತಿರುಗಿ, ಚಕ್ರವನ್ನು ಹಿಡಿದು, ಆ ವೇಗವನ್ನು ವಿದ್ಯುತ್ತಾಗಿಸಿ ಬ್ಯಾಟರಿಗೆ ತಳ್ಳುತ್ತದೆ. ಆದರೆ ಬ್ಯಾಟರಿ ಒಂದೇಟಿಗೆ ನುಂಗುವುದಕ್ಕೆ ಮಿತಿಯಿದೆ. ನೀವು ತಡವಾಗಿ, ಜೋರಾಗಿ ಒತ್ತಿದರೆ ಮಿಕ್ಕಿದ್ದನ್ನೆಲ್ಲ ಸಾಮಾನ್ಯ ಬ್ರೇಕ್ ತಟ್ಟೆಗಳು ನುಂಗಿ ಗಾಳಿಗೆ ಶಾಖವಾಗಿ ಬಿಡುತ್ತವೆ. ಹಾಗಾಗಿ ಮುಂದಿನ ಸಿಗ್ನಲ್ ಕೆಂಪಾಗಲಿದೆ ಎಂಬುದನ್ನು ಬೇಗ ಊಹಿಸಬೇಕು, ಬೇಗ ಕಾಲು ತೆಗೆಯಬೇಕು, ಪೆಡಲನ್ನು ಸವರಿದಂತೆ ಒತ್ತಿ ಫಲಕದ ಮುಳ್ಳು ‘ಚಾರ್ಜ್’ ಎಂಬ ನೀಲಿ ಭಾಗದೊಳಗೇ ನಿಲ್ಲುವಂತೆ ನೋಡಿಕೊಳ್ಳಬೇಕು. ಕಾರು ಇನ್ನೇನು ನಿಲ್ಲುವಷ್ಟು ನಿಧಾನವಾದಾಗ ಮೋಟಾರು ಕೈಬಿಟ್ಟು ತಟ್ಟೆಗಳು ಹಿಡಿದುಕೊಳ್ಳುತ್ತವೆ. ಆ ಕೈಬದಲಾವಣೆ ಹಿಂದೆ ಕೂತವರಿಗೆ ತಿಳಿಯದಂತೆ ಕಾಲನ್ನು ಕೂದಲೆಳೆಯಷ್ಟು ಸಡಿಲಿಸುವುದನ್ನು ಕಲಿಯಲು ನನಗೆ ಸಾಕಷ್ಟು ದಿನ ಹಿಡಿಯಿತು. ಮುಂದಿರುವ ಬಿಎಂಟಿಸಿ ಬಸ್ಸು ಎಲ್ಲಿ ನಿಲ್ಲುತ್ತದೆ, ಎಡಗಡೆಯ ಆಟೋ ಯಾವಾಗ ನುಗ್ಗುತ್ತದೆ, ಹಿಂದಿನ ಬೈಕಿನವನಿಗೆ ಎಷ್ಟು ತಾಳ್ಮೆ ಇದೆ ಎಂಬುದನ್ನೆಲ್ಲ ಓದುತ್ತ, ಇಂಜಿನ್ನನ್ನು ಎಬ್ಬಿಸದೆ ಒಂದು ಮೇಲ್ಸೇತುವೆ ದಾಟಿಸುವುದು ಚಾರ್ಮಾಡಿಯ ತಿರುವನ್ನು ಸರಿಯಾಗಿ ಹೊಡೆಯುವಷ್ಟೇ ಏಕಾಗ್ರತೆ ಬೇಡುವ ಕೆಲಸ. ವ್ಯತ್ಯಾಸವೆಂದರೆ ಚಾರ್ಮಾಡಿಗೆ ನಾನು ಹೋಗುವುದು ಅಪರೂಪ, ಈ ಮೇಲ್ಸೇತುವೆ ನನಗೆ ದಿನವೂ ಸಿಗುತ್ತದೆ.

ಬ್ರೇಕಿನ ಬಗ್ಗೆಯೇ ಇನ್ನೊಂದು ಸಂಗತಿಯಿದೆ, ಇದನ್ನಂತೂ ಯಾವ ಮಾರಾಟಗಾರನೂ ಹೇಳುವುದಿಲ್ಲ. ಶಿರಾಡಿ ಘಾಟಿಯಂಥ ಉದ್ದನೆಯ ಇಳಿಜಾರಿನಲ್ಲಿ ಆ ಪುಟ್ಟ ಬ್ಯಾಟರಿ ಬೇಗ ತುಂಬಿಬಿಡುತ್ತದೆ. ಆಮೇಲೆ ಬರುವ ಶಕ್ತಿಯನ್ನು ಎಲ್ಲಿ ಹಾಕುವುದು? ಕಾರು ಇಂಜಿನ್ನನ್ನು ಪೆಟ್ರೋಲ್ ಇಲ್ಲದೆಯೇ ತಿರುಗಿಸಿ ಅದರಲ್ಲಿ ಖರ್ಚು ಮಾಡುತ್ತದೆ. ಇಳಿಯುತ್ತಿರುವಾಗ, ಆಕ್ಸಿಲರೇಟರ್ ಮುಟ್ಟದಿರುವಾಗ, ಇಂಜಿನ್ ಇದ್ದಕ್ಕಿದ್ದಂತೆ ಕೂಗತೊಡಗುತ್ತದೆ. ಪಕ್ಕದಲ್ಲಿ ಕೂತಿದ್ದ ನಮ್ಮ ಚಿಕ್ಕಪ್ಪ ಮೊದಲ ಸಲ ಅದನ್ನು ಕೇಳಿ ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೆಳಗಿನ ಗುಂಡ್ಯ ಬರುವವರೆಗೂ ಮಾತಾಡಲಿಲ್ಲ. ಕಾರಣ ವಿವರಿಸಿದೆ. “ಅದೆಲ್ಲ ಸರಿ, ಹಳೇದು ಹೀಗೆ ಕೂಗ್ತಿರ್ಲಿಲ್ಲ” ಎಂದರು.

ಹಳೆಯದರಲ್ಲಿ ಇದ್ದು ಇದರಲ್ಲಿ ಇಲ್ಲದ್ದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಏರಿನಲ್ಲಿ ಪೂರ್ತಿ ಒತ್ತಿದರೆ ಲೆಕ್ಸಸ್ಸಿನ ಇಂಜಿನ್ ಮೊದಲು ಚೀರುತ್ತದೆ, ವೇಗ ಆಮೇಲೆ ಬರುತ್ತದೆ. ಗೇರು ಬಿದ್ದ ಕೂಡಲೇ ಬೆನ್ನಿಗೆ ಬೀಳುತ್ತಿದ್ದ ಆ ಗುದ್ದು ಇಲ್ಲ. ಸ್ಟಿಯರಿಂಗ್ ಹಗುರವಾಗಿದೆ, ಆದರೆ ರಸ್ತೆಯ ಸಮಾಚಾರ ಹೇಳುವುದರಲ್ಲಿ ಜಿಪುಣ. ಆಕ್ಟೇವಿಯಾದ ಹಿಂಬಾಗಿಲು ಗಾಜಿನ ಸಮೇತ ಮೇಲೇಳುತ್ತಿತ್ತು, 590 ಲೀಟರಿನ ಡಿಕ್ಕಿಯಿತ್ತು, ಸೀಟು ಮಡಚಿದರೆ ಊರಿನಿಂದ ಬಾಳೆಗೊನೆ, ಹಲಸು, ಒಂದು ಸೈಕಲ್ಲು ಎಲ್ಲವನ್ನೂ ತರಬಹುದಿತ್ತು. ಇದರಲ್ಲಿ ಸೀಟಿನ ಕೆಳಗೆ ಬ್ಯಾಟರಿ, ಸೀಟು ಮಡಚುವುದಿಲ್ಲ, ಹಲಸು ತಂದರೆ ಮನೆಯವರು ಹಲಸಿನ ಜೊತೆ ಕೂರಬೇಕು. ಇನ್ನೂ ಒಂದು ಕಿರಿಕಿರಿ: ಬ್ಯಾಟರಿಯನ್ನು ತಂಪಾಗಿಡುವ ಗಾಳಿ ಹಿಂದಿನ ಸೀಟಿನ ಬಳಿಯ ಒಂದು ಜಾಲರಿಯಿಂದ ಒಳಗೆ ಹೋಗುತ್ತದೆ. ಅಲ್ಲಿ ಚೀಲ ಒರಗಿಸಬಾರದು, ದೂಳು ಕಟ್ಟಲು ಬಿಡಬಾರದು. ಮದುವೆಗೆ ಹೊರಟಾಗ ರೇಷ್ಮೆ ಸೀರೆಯ ಸೆರಗು ಸರಿಯಾಗಿ ಅದರ ಮುಂದೆಯೇ ಬಂದು ಕೂರುತ್ತದೆ, ಹೇಳಿದರೆ ಜಗಳ.

ಇಷ್ಟಾದರೂ ಹಿಂದಿನ ಸೀಟಿನ ಪರವಾಗಿ ಒಂದು ಮಾತು. ಬದಿ ತೆಳುವಾದ ಟೈರುಗಳ ಆ ಕೆಂಪು ಕಾರಿನಲ್ಲಿ ರಸ್ತೆಯ ಪ್ರತಿ ಗುಂಡಿಯ ಲೆಕ್ಕವನ್ನೂ ಅಮ್ಮ ಬಾಯಿಬಿಟ್ಟು ಹೇಳುತ್ತಿದ್ದರು. ಈಗ ಸೀಟಿನ ಬೆನ್ನನ್ನು ಗುಂಡಿಯೊತ್ತಿ ಹಿಂದಕ್ಕೆ ವಾಲಿಸಿಕೊಂಡು ನೆಲಮಂಗಲ ದಾಟುವುದರೊಳಗೆ ನಿದ್ದೆ ಹೋಗುತ್ತಾರೆ. ಇದು ಕೊಳ್ಳಲು ಸಾಕಾಗುವ ಕಾರಣ, ಆದರೆ ಹೇಳಿದರೆ ‘ಅಮ್ಮನಿಗೋಸ್ಕರ ತ್ಯಾಗ ಮಾಡಿದ’ ಎಂಬ ಹೊಸ ಕತೆ ಹುಟ್ಟುತ್ತದೆ, ಅದು ನನಗೆ ಬೇಡ.

“ಅಷ್ಟು ದುಡ್ಡು ಹಾಕುವವರು ಪೂರ್ತಿ ಎಲೆಕ್ಟ್ರಿಕ್ಕೇ ತಗೋಬಹುದಿತ್ತಲ್ಲ?” ಇದು ಬುದ್ಧಿವಂತರ ಪ್ರಶ್ನೆ. ಸರ್ಕಾರವೂ ಅವರ ಪಕ್ಷದಲ್ಲಿದೆ: ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ 5 ಪ್ರತಿಶತ, 2025ರ ಸೆಪ್ಟೆಂಬರಿನ ಬದಲಾವಣೆಯ ನಂತರವೂ ಈ ಗಾತ್ರದ ಹೈಬ್ರಿಡ್‌ಗೆ 40. ಉತ್ತರ ಪ್ರದೇಶ 2024ರಲ್ಲಿ ಇಂಥ ಹೈಬ್ರಿಡ್‌ಗಳ ನೋಂದಣಿ ತೆರಿಗೆಯನ್ನು ಮನ್ನಾ ಮಾಡಿತು. ಬಿಡದಿ ಇರುವ ರಾಜ್ಯದಲ್ಲಿ ಅಂಥದ್ದೇನೂ ಇರಲಿಲ್ಲ. ನನ್ನ ಮಟ್ಟಿಗೆ ಅಡ್ಡಿ ದೆಹಲಿಯಲ್ಲೂ ವಿಧಾನಸೌಧದಲ್ಲೂ ಇಲ್ಲ, ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿದೆ. ಅಲ್ಲಿ ಚಾರ್ಜರ್ ಹಾಕಿಸುವ ವಿಷಯ ಪ್ರತಿ ಸಭೆಯಲ್ಲೂ ಬರುತ್ತದೆ, ಪ್ರತಿ ಸಭೆಯಲ್ಲೂ ‘ಮುಂದಿನ ಸಭೆಗೆ’ ಹೋಗುತ್ತದೆ. ವಿರೋಧಿಸುವವರಲ್ಲಿ ಒಬ್ಬರು ನನಗೆ ಎಲೆಕ್ಟ್ರಿಕ್ ತಗೊಳ್ಳಿ ಎಂದು ಉಪದೇಶಿಸಿದವರೇ.

ಕಡೆಯದಾಗಿ, 2025ರ ಅಕ್ಟೋಬರಿನಿಂದ ಈ ಪ್ರಶ್ನೆಗೆ ಹೊಸ ಜೀವ ಬಂದಿದೆ. ಸ್ಕೋಡಾದವರು ಹೊಸ ಆಕ್ಟೇವಿಯಾ ಆರ್‌ಎಸ್ ಅನ್ನು ಭಾರತಕ್ಕೆ ತಂದರು: 265 ಅಶ್ವಶಕ್ತಿ, 49.99 ಲಕ್ಷ ರೂಪಾಯಿ, ಇಡೀ ದೇಶಕ್ಕೆ 100 ಕಾರು. ಆ ಸುದ್ದಿಯನ್ನು ನನಗೆ ಕಳಿಸದ ಪರಿಚಿತರಿಲ್ಲ, ಜೊತೆಗೆ “ಈಗ ಹೊಟ್ಟೆ ಉರಿಯುತ್ತಾ?” ಎಂಬ ಅಡಿಟಿಪ್ಪಣಿ. ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದ್ದು ನಿಜ. ಆದರೆ ನನ್ನನ್ನು ಹುರಿದುಂಬಿಸುವವರ ಸಂದೇಶಗಳು ಬರುವಷ್ಟರಲ್ಲಿ ನೂರೂ ಕಾರುಗಳು ಮುಂಗಡದಲ್ಲೇ ಖಾಲಿಯಾಗಿದ್ದವು. ಆದ್ದರಿಂದ ಅಂಥ ಕಾರಿನ ವಿಚಾರ ಮಾತಾಡಲೇಬೇಕೆಂದಿದ್ದರೆ ದಯವಿಟ್ಟು ಆ ನೂರು ಜನರಲ್ಲಿ ಯಾರನ್ನಾದರೂ ಹಿಡಿಯಿರಿ. ಅವರಿಗಿನ್ನೂ ಉತ್ತರ ಹೇಳುವ ಉತ್ಸಾಹವಿರುತ್ತದೆ.