ಎಷ್ಟು ಜನ ಬಾರಿಸ್ತಿದ್ದಾರೆ?

ಅಮ್ಮ ಅಮೆರಿಕದ ಮೆಂಫಿಸ್‌ಗೆ ಬಂದು ಮೂರು ವಾರವಾಗಿತ್ತು. ಭಾನುವಾರ ಮಧ್ಯಾಹ್ನ, ಹೊರಗೆ ಮಳೆ. ಅವರು ಹಾಲ್‌ನಲ್ಲಿ ತಟ್ಟೆ ಇಟ್ಟುಕೊಂಡು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಹಿಂದಿನ ದಿನ ಹಳೆ ರೆಕಾರ್ಡ್ ಅಂಗಡಿಯಲ್ಲಿ ಕೊಂಡಿದ್ದ ಎಲ್‌ಪಿಯನ್ನು ನಾನು ಪ್ಲೇಯರ್ ಮೇಲಿಟ್ಟು ಮುಳ್ಳು ಇಳಿಸಿದೆ. ಮಿಸಿಸಿಪ್ಪಿ ಜಾನ್ ಹರ್ಟ್ 1928ರಲ್ಲಿ ಗಿಟಾರ್ ಬಾರಿಸುತ್ತಾ ಹಾಡಿದ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಹಾಡುಗಳು.

ಎರಡು ಹಾಡು ಮುಗಿಯುವವರೆಗೆ ಅಮ್ಮ ಮಾತಾಡಲಿಲ್ಲ. ಆಮೇಲೆ, "ಎಷ್ಟು ಜನ ಬಾರಿಸ್ತಿದ್ದಾರೋ? ಇಬ್ರಾ?"

"ಒಬ್ಬನೇ ಅಮ್ಮ. ಹಾಡೋದೂ ಅವನೇ."

"ಹೋಗೋ, ಸುಳ್ಳು."

ತಪ್ಪು ಅವರದಲ್ಲ. ಹರ್ಟ್‌ನ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದೇ ಸಮನೆ ತಾಳ ಹಾಕುತ್ತಿರುತ್ತದೆ. ಉಳಿದ ಬೆರಳುಗಳು ಸಣ್ಣ ತಂತಿಗಳ ಮೇಲೆ ತಮ್ಮ ಪಾಡಿಗೆ ತಾವು ಹಾಡು ಹೇಳುತ್ತವೆ, ಹೆಬ್ಬೆರಳಿನ ಪರಿಚಯವೇ ಇಲ್ಲ ಅನ್ನುವಂತೆ. ಪಕ್ಕವಾದ್ಯವೂ ಅವನೇ. ದನಿಯಂತೂ ಮೆತ್ತಗೆ, ಜಗಲಿಯಲ್ಲಿ ಕೂತು ಪಕ್ಕದವರಿಗೆ ಏನೋ ಹೇಳಿದ ಹಾಗೆ.

"ಹಿಂದೆ ಚಟಪಟ ಅಂತಿದೆಯಲ್ಲ, ಒಗ್ಗರಣೆ ಥರ?"

ಅದನ್ನು ವಿವರಿಸೋದು ನನಗೆ ಖುಷಿಯ ಕೆಲಸ. ಅಲ್ಲಿರೋದು ಎರಡು ಸದ್ದು. ಇಂಥ ಎಲ್‌ಪಿಗಳನ್ನು ಹೆಚ್ಚಾಗಿ ಸಂಗ್ರಾಹಕರ ಬಳಿ ಉಳಿದ 78ಗಳಿಂದ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆ ರೆಕಾರ್ಡ್‌ಗಳಿಂದ, ಇಳಿಸಿಕೊಂಡಿರುತ್ತಾರೆ. ಆ ಹಳೆ ರೆಕಾರ್ಡಿನ ಗೀರು ಒಂದು, ನನ್ನ ಎಲ್‌ಪಿಯ ಧೂಳು ಇನ್ನೊಂದು. 78 ಮಾಡುತ್ತಿದ್ದದ್ದು ಅರಗಿನಿಂದ. ಆ ಕಾಲದಲ್ಲಿ ಜಗತ್ತಿಗೆ ಅರಗು ಬಹುಪಾಲು ಹೋಗುತ್ತಿದ್ದದ್ದು ಇಂಡಿಯಾದ ಕಾಡುಗಳಿಂದ. "ರಿಜಿಸ್ಟರ್ ಪೋಸ್ಟ್‌ಗೆ ಮುದ್ರೆ ಒತ್ತೋ ಅರಗಾ?" ಅಂತ ಅಮ್ಮ ಕಣ್ಣರಳಿಸಿದರು. ಫೋನಿನಲ್ಲೂ ಇವೇ ಹಾಡುಗಳಿವೆ. ಆದರೆ ಅಲ್ಲಿ ಒಂದು ಮುಗಿಯುವ ಮೊದಲೇ ಬೆರಳು ಮುಂದಿನದಕ್ಕೆ ಹೋಗಿರುತ್ತದೆ, ಅಲ್ವಾ?

1928ರ ಫೆಬ್ರವರಿಯಲ್ಲಿ ಹರ್ಟ್ ಮೊದಲ ಸಲ ರೆಕಾರ್ಡ್ ಮಾಡಿದ್ದು ಇದೇ ಮೆಂಫಿಸ್‌ನಲ್ಲಿ. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ಗೆ ಹೋಗಿ ಇನ್ನಷ್ಟು ಹಾಡಿದ. ರೆಕಾರ್ಡ್‌ಗಳು ಅಷ್ಟಾಗಿ ಮಾರಾಟವಾಗಲಿಲ್ಲ. ಮಿಸಿಸಿಪ್ಪಿ ರಾಜ್ಯದ ತನ್ನೂರು ಅವಲಾನ್‌ಗೆ ಹೋಗಿ ಹೊಲದ ಕೆಲಸಕ್ಕೆ ಬಿದ್ದ. 1963ರಲ್ಲಿ ಟಾಮ್ ಹಾಸ್ಕಿನ್ಸ್ ಅನ್ನುವ ಹುಡುಗ ಅವನನ್ನು ಹುಡುಕಿಕೊಂಡು ಹೋದ. ಅವನಿಗೆ ಸಿಕ್ಕ ಸುಳಿವು ಹಾಡೊಂದರಲ್ಲಿ ಬರುವ ಆ ಊರಿನ ಹೆಸರು, ಅಷ್ಟೇ. ಅಷ್ಟು ಹೊತ್ತಿಗೆ ಹರ್ಟ್‌ಗೆ ಎಪ್ಪತ್ತರ ಆಸುಪಾಸು.

"ಮೂವತ್ತೈದು ವರ್ಷ ಯಾರೂ ಕೇಳ್ಲೇ ಇಲ್ವಾ?"

"ಊರಿನವರು ಕೇಳ್ತಿದ್ರು."

"ಮತ್ತೆ?" ಅಂದರು ಅಮ್ಮ, ಅದು ಸಾಲದೇ ಅನ್ನುವ ಹಾಗೆ.

ಒಂದು ಬದಿ ಮುಗಿದು ಮುಳ್ಳು ಟಕ್ ಟಕ್ ಅನ್ನತೊಡಗಿತು. ತಿರುಗಿಸಿ ಹಾಕಲು ಎದ್ದೆ. ನೋಡಿದರೆ ಅಮ್ಮ ಹುರುಳಿಕಾಯಿ ಪಕ್ಕಕ್ಕಿಟ್ಟು, ತಟ್ಟೆಯ ಅಂಚಿಗೆ ಹೆಬ್ಬೆರಳಿನಲ್ಲಿ ತಾಳ ಹಾಕುತ್ತಾ ಉಳಿದ ಬೆರಳುಗಳನ್ನು ಬೇರೆ ಲಯಕ್ಕೆ ಕುಣಿಸಲು ನೋಡುತ್ತಿದ್ದಾರೆ. ಎರಡು ಸಲ ತಪ್ಪಿತು.

"ಬೇರೆದು ಬೇಡ ಕಣೋ. ಅದನ್ನೇ ಇನ್ನೊಂದು ಸಲ ಹಾಕು."