ಮಗುವಿನ ರೋಟಾ, ಕರುವಿನ ರೋಟಾ

ಬುಧವಾರ, ಮಾರ್ಚ್ 12, 2025

ಇವತ್ತು ಇಡೀ ದಿನ ಜೆಲ್ ಕೆಲಸ, ಅಂದರೆ ವೈರಸ್ಸಿನ ಆರ್‌ಎನ್‌ಎ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸಿ ನೋಡುವುದು. ಭೇದಿಯಾದ ಮಕ್ಕಳ ಮಲದ ಸ್ಯಾಂಪಲ್‌ಗಳು ಒಂದು ಕಡೆ, ಕರು ಮತ್ತು ಹಂದಿಮರಿಗಳದ್ದು ಇನ್ನೊಂದು ಕಡೆ. ಭೇದಿ ತರುವ ರೋಟಾವೈರಸ್ಸಿನ ಆರ್‌ಎನ್‌ಎ (ಅದರ ಜೀನ್‌ಗಳಿರುವ ವಸ್ತು) ಒಂದೇ ಉದ್ದನೆಯ ಎಳೆ ಅಲ್ಲ, ಹನ್ನೊಂದು ಬಿಡಿ ತುಂಡು. ಸಿಲ್ವರ್ ಸ್ಟೇನ್ ಮಾಡಿದರೆ ಪ್ರತಿ ತುಂಡೂ ಒಂದು ಕಂದು ಗೆರೆಯಾಗಿ ಮೂಡುತ್ತದೆ. ಮೇಲೆ ನಾಲ್ಕು, ಸ್ವಲ್ಪ ಬಿಟ್ಟು ಎರಡು, ಆಮೇಲೆ ಒತ್ತೊತ್ತಾಗಿ ಮೂರು, ಕೊನೆಗೆ ಎರಡು. ಆ ಮೂರು ಗೆರೆಗಳನ್ನು ಬಿಡಿಸಿ ನೋಡುವಷ್ಟರಲ್ಲಿ ಕಣ್ಣು ಸೋತುಹೋಗುತ್ತದೆ. ಕರುವಿನದ್ದಾದರೂ ಮಗುವಿನದ್ದಾದರೂ ರೋಟಾದ ಎ ಗುಂಪಿನದ್ದು (ಮಕ್ಕಳಲ್ಲಿ ಜಾಸ್ತಿ ಸಿಗುವ ಗುಂಪು) ಇದೇ 4-2-3-2, ಹಾಗಾಗಿ ಇದು ಯಾರ ವೈರಸ್ಸು ಅಂತ ಜೆಲ್ ಹೇಳುವುದಿಲ್ಲ.

ಅದಕ್ಕೇ ಟೈಪಿಂಗ್, ಅಂದರೆ ಜೀನ್ ನೋಡಿ ತಳಿಗೆ ನಂಬರ್ ಕೊಡುವುದು. ಹೊರಪದರದ ವಿಪಿ7 ಪ್ರೋಟೀನಿನಿಂದ ಜಿ ನಂಬರ್, ವಿಪಿ4ರಿಂದ ಪಿ ನಂಬರ್. ಮಕ್ಕಳಲ್ಲಿ ಜಾಸ್ತಿ ಸಿಗುವುದು ಜಿ1ಪಿ[8], ಜಿ2ಪಿ[4], ಜಿ3ಪಿ[8], ಜಿ9ಪಿ[8], ಜಿ12ಪಿ[8] ಇಂಥವು. ದನಗಳಲ್ಲಿ ಜಿ6, ಜಿ8, ಜಿ10. ಪಟ್ಟಿಯಲ್ಲಿ ಎಲ್ಲ ಅಚ್ಚುಕಟ್ಟು, ಕರುಳಿನಲ್ಲಿ ಹಾಗಲ್ಲ. ಒಂದೇ ಜೀವಕೋಶಕ್ಕೆ ಎರಡು ತಳಿ ಒಟ್ಟಿಗೆ ಹೊಕ್ಕರೆ, ಹೊರಗೆ ಬರುವ ವೈರಸ್ಸು ಅದರದ್ದಷ್ಟು ಇದರದ್ದಷ್ಟು ತುಂಡು ಹೊತ್ತು ಬರಬಹುದು.

ಬೆಂಗಳೂರಿನ ನವಜಾತ ಶಿಶುಗಳಲ್ಲಿ ಸಿಕ್ಕ ಐ321 ತಳಿಯನ್ನೇ ನೋಡಿ. ಜಿ10ಪಿ[11], ಬಹುಪಾಲು ಜೀನ್‌ಗಳು ದನದ ರೋಟಾದವು, ಮನುಷ್ಯರದ್ದು ಎರಡೇ. ಆದರೂ ಆ ಕೂಸುಗಳಿಗೆ ಭೇದಿ ಇರಲಿಲ್ಲ! ದೆಹಲಿಯ 116ಇ ಇದಕ್ಕೆ ಉಲ್ಟಾ: ಮನುಷ್ಯರ ರೋಟಾ, ವಿಪಿ4 ಮಾತ್ರ ದನದ್ದು. ಅದೂ ಶಿಶುಗಳಲ್ಲೇ ಸಿಕ್ಕಿದ್ದು. ಮುಂದೆ ಅದರಿಂದಲೇ ರೋಟಾವ್ಯಾಕ್ ಲಸಿಕೆ ಬಂತು, 2016ರಿಂದ ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಬಳಕೆಗೂ ಬಂತು. ಪ್ರಕೃತಿ ತಾನೇ ಕಲಬೆರಕೆ ಮಾಡಿಟ್ಟಿದ್ದನ್ನು ನಾವು ಹನಿ ಹನಿಯಾಗಿ ಮಕ್ಕಳ ಬಾಯಿಗೆ ಹಾಕುತ್ತಿದ್ದೇವೆ, ಮಜಾ ಅಲ್ವಾ?

ನನ್ನ ತಕರಾರು ಬೇರೆ. ಹನ್ನೊಂದರಲ್ಲಿ ಎರಡು ಜೀನ್ ನೋಡಿ ಹೆಸರಿಟ್ಟು ಕೈತೊಳೆದುಕೊಂಡರೆ ಉಳಿದ ಒಂಬತ್ತರ ಕಥೆ ಏನು? 2008ರಿಂದ ಹನ್ನೊಂದಕ್ಕೂ ಹೆಸರು ಕೊಡುವ ಪದ್ಧತಿ ಇದೆ. ಹಾಗೆ ಪೂರ್ತಿ ನೋಡಿದ ಮೇಲೇ ಗೊತ್ತಾಗಿದ್ದು, ಮನುಷ್ಯರದ್ದು ಅಂತ ನಾವು ಕರೆಯುವ ಎರಡು ದೊಡ್ಡ ತಳಿ ಬಳಗಗಳಲ್ಲಿ ವಾ (Wa) ಬಳಗಕ್ಕೆ ಹಂದಿ ರೋಟಾದ ಜೊತೆ ನಂಟು, ಡಿಎಸ್-1 ಬಳಗಕ್ಕೆ ದನದ ರೋಟಾದ ಜೊತೆ.

ಇನ್ನೊಂದು ಕಿರಿಕಿರಿ ಪ್ರೈಮರ್‌ಗಳದ್ದು, ಅಂದರೆ ಪಿಸಿಆರ್‌ನಲ್ಲಿ ಜೀನಿಗೆ ಅಂಟಿ ಅದರ ನಕಲು ಶುರುಮಾಡುವ ಚಿಕ್ಕ ಡಿಎನ್‌ಎ ತುಂಡುಗಳದ್ದು. ಮಕ್ಕಳ ಸ್ಯಾಂಪಲ್‌ಗೆ ಹಾಕುವ ಪಿಸಿಆರ್ ಪ್ರೈಮರ್‌ಗಳು ಮಾಮೂಲಿ ಮನುಷ್ಯರ ಟೈಪ್‌ಗಳಿಗೆ ಹೊಂದಿಸಿದವು. ಪ್ರಾಣಿಯಿಂದ ಬಂದ ಜೀನ್ ಇದ್ದರೆ ಜೆಲ್‌ನಲ್ಲಿ ಬ್ಯಾಂಡೇ (ಗೆರೆಯೇ) ಬರದೆ ಇರಬಹುದು, ಆಗ ಸ್ಯಾಂಪಲ್ 'ಟೈಪ್ ಆಗಿಲ್ಲ' ಅನ್ನುವ ಕಾಲಮ್ಮಿಗೆ ಹೋಗಿ ಬೀಳುತ್ತದೆ. ನಾವು ಹುಡುಕುತ್ತಿರುವುದು ಅಲ್ಲೇ ಇರಬಹುದು, ಯಾರೂ ತಿರುಗಿ ನೋಡಲ್ಲ. ಹಾಗಂತ ಮಗುವಿನಲ್ಲಿ ದನದ ಜೀನ್ ಸಿಕ್ಕ ತಕ್ಷಣ ಮನೆಯ ಕರುವನ್ನು ದೂರುವುದೂ ಸರಿಯಲ್ಲ. ಆ ಜೀನ್ ಎಷ್ಟೋ ವರ್ಷದಿಂದ ಮನುಷ್ಯರ ನಡುವೆಯೇ ಓಡಾಡುತ್ತಿರಬಹುದು. ಮಗುವಿನದ್ದು, ಕರುವಿನದ್ದು ಎರಡನ್ನೂ ಒಂದೇ ಹೊತ್ತಿನಲ್ಲಿ ತೆಗೆದು, ಹನ್ನೊಂದು ತುಂಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ಏನೂ ಹೇಳಬಾರದು.

ನಾಳೆ ಸೀಕ್ವೆನ್ಸಿಂಗ್‌ಗೆ (ಜೀನಿನ ಅಕ್ಷರಗಳನ್ನು ಒಂದೊಂದಾಗಿ ಓದುವುದಕ್ಕೆ) ಮೊದಲು ಹೋಗುವುದು ಆ ಟೈಪ್ ಆಗದ ಸ್ಯಾಂಪಲ್‌ಗಳೇ. ಚಂದದ ಬ್ಯಾಂಡ್ ಕೊಟ್ಟ ಜಿ1ಗಳು ಫ್ರೀಜರ್‌ನಲ್ಲಿ ಕಾಯಲಿ.